ನೀರು ಕಾದಿದೆಯೇ ಎಂದು ಊರನ್ನು ಕೇಳುತ್ತಿದ್ದ ಮಾವ

ಶಹಾಬಾದಿನ ನಮ್ಮ ಸೋದರಮಾವ ಯಾರನ್ನೂ ಕೇಳದೆ ಮಾಡಿದ ಕೆಲಸ ಒಂದೇ ಒಂದು: ಹುಟ್ಟಿದ್ದು. ಅದಕ್ಕೂ ಸೂಲಗಿತ್ತಿಯ ಜೊತೆ ಓಣಿಯ ಹೆಂಗಸರೆಲ್ಲ ‘ಹೂಂ’ ಅಂದಮೇಲೆಯೇ ಹೊರಬಂದನೆಂದು ನಮ್ಮಜ್ಜಿ ಹೇಳುತ್ತಿದ್ದಳು!

ನಾಲ್ಕು ಮಂದಿ ಒಪ್ಪದ ಮಾತು ಅವನ ಪಾಲಿಗೆ ಮಾತೇ ಅಲ್ಲ. ಜಳಕದ ನೀರು ಕಾದಿದೆಯೇ ಎಂದು ತಿಳಿಯಲು ಯಾರಾದರೂ ಊರನ್ನು ಕರೆಯುತ್ತಾರೆಯೇ? ಮಾವ ಕರೆಯುತ್ತಿದ್ದ. ಬಾಜೂ ಮನೆಯವರು ಹಂಡೆಗೆ ಬೆರಳಿಟ್ಟು ‘ಕಾದಾವ’ ಎನ್ನಬೇಕು, ಎದುರು ಮನೆಯವರು ‘ಇನ್ನೊಂದೀಟು’ ಎನ್ನಬೇಕು, ಬೀದಿಯಲ್ಲಿ ಹೊರಟಿದ್ದ ಕಲ್ಲುಗಣಿಯ ಮುಕಾದಮ ನಡುವೆ ಬಿದ್ದು ತೀರ್ಪು ಕೊಡಬೇಕು. ಅಷ್ಟರಲ್ಲಿ ನೀರು ಆರಿ ಮತ್ತೆ ಉರಿ ಹಾಕಬೇಕು!

ಅತ್ತೆ ಒಲೆಯ ಮುಂದಿನಿಂದಲೇ ಕೂಗುತ್ತಿದ್ದಳು: “ಊರ ಮಂದಿ ಬೆರಳ ತೊಳದ ನೀರಾಗ ಜಳಕಾ ಮಾಡ್ತೀರಲ್ರಿ, ನಿಮಗ ಕೈ ಇಲ್ಲೇನು?”

“ನನ್ನ ಕೈ ಒಂದ ಹೇಳಿದ್ರ ಹ್ಯಾಂಗ ನಂಬಲಿ?”

ಆ ಅತ್ತೆಯ ಹೊಟ್ಟೆ ಊದತೊಡಗಿತು. ಹೈದರಾಬಾದಿಗೆ ಒಯ್ದರು. ಹೊಟ್ಟೆಯ ಒಳಪದರಕ್ಕೆಲ್ಲ ಕ್ಯಾನ್ಸರ್ ಹರಡಿದೆ ಎಂದರು. ಅಲ್ಲಿಯ ಒಬ್ಬ ಹರೆಯದ ಡಾಕ್ಟರು, ಪಾಪ, ಕರುಣೆಗೋ ಏನೋ ಹೇಳಿಬಿಟ್ಟರು: ಹೊರದೇಶದಲ್ಲಿ ಗಡ್ಡೆಗಳನ್ನು ಕೊಯ್ದು ತೆಗೆದು, ಕ್ಯಾನ್ಸರಿನ ಔಷಧಿಯನ್ನೇ ಕಾಯಿಸಿ ಹೊಟ್ಟೆಯೊಳಗೆ ಹರಿಸಿ ನೋಡುತ್ತಿದ್ದಾರಂತೆ, ಎಷ್ಟು ಬಿಸಿ, ಎಷ್ಟು ಹೊತ್ತು ಎಂಬುದು ಮಾತ್ರ ಇನ್ನೂ ಇತ್ಯರ್ಥವಾಗಿಲ್ಲ.

ಇತ್ಯರ್ಥವಾಗಿಲ್ಲ! ಮಾವನಿಗೆ ಬೇರೇನು ಬೇಕಿತ್ತು? ಜನ್ಮವಿಡೀ ಅವನು ಮಾಡಿದ್ದು ಅದನ್ನೇ ಅಲ್ಲವೇ?

ಆ ಡಾಕ್ಟರರ ಅಕ್ಕನ ಮನೆ ನಮ್ಮೂರ ಹತ್ತಿರದ ವಾಡಿಯಲ್ಲಿತ್ತು. ಅವರು ಅಲ್ಲಿಗೆ ಬಂದ ಭಾನುವಾರ ಮಾವ ಅವರನ್ನು ಹಿಡಿದು ತಂದ. ಗುಲ್ಬರ್ಗದ ಒಬ್ಬ ಸರ್ಜನ್ನರನ್ನೂ ಊರಿನ ಹಳೆಯ ಡಾಕ್ಟರರನ್ನೂ ಊಟಕ್ಕೆ ಕರೆದ. ಮೂವರನ್ನೂ ಪಡಸಾಲೆಯಲ್ಲಿ ಕೂಡಿಸಿ ಕೈಮುಗಿದ: “ಕುಂದ್ರಿ ಸಾಹೇಬ್ರ. ನೀವು ಮೂರೂ ಮಂದಿ ಒಂದ ಮಾತಿಗಿ ಬರ್ರಿ. ಎಲ್ಲಿಗಿ ಅಂದ್ರ ಅಲ್ಲಿಗಿ ಆಕಿನ್ನ ಒಯ್ತೀನಿ.”

“ಅಷ್ಟು ಬಿಸಿ ಹಾಕಿದ್ರ ಕರಳೇ ಬೇಯ್ತಾವ,” ಎಂದರು ಸರ್ಜನ್ನರು.

“ಬಿಸಿ ಸಾಲದಿದ್ರ ರೋಗ ಜಗ್ಗೂದಿಲ್ರಿ,” ಎಂದರು ಹರೆಯದವರು.

“ಆಕಿಗಿ ಒಂದ ತುತ್ತು ಇಳೀವಲ್ದು, ಕೊಯ್ಯೂದು ತಡಕೊಂತಾಳೇನ್ರಿ?” ಎಂದರು ಊರಿನವರು.

ದನಿಗಳು ಏರಿದವು. ಕೊನೆಗೆ ಮೂವರೂ ಒಮ್ಮತಕ್ಕೆ ಬಂದದ್ದು ಒಂದೇ ವಿಷಯದಲ್ಲಿ: ಎಣ್ಣೆಗಾಯಿ ಭಾಳ ಚಲೋ ಆಗಿತ್ತು! ಅದಕ್ಕೆ ಉಪ್ಪುಖಾರ ಹೇಳಿದವಳು ಅತ್ತೆ, ಒಳಕೋಣೆಯಲ್ಲಿ ಮಲಗಿದಲ್ಲಿಂದಲೇ.

“ಏನಂತಾರ?” ಎಂದು ಕೇಳಿದಳು.

“ಇನ್ನಾ ವಿಚಾರ ಮಾಡ್ಲಿಕತ್ತಾರ.”

“ಮಾಡ್ಲಿ ಬಿಡ್ರಿ, ಸಾವಕಾಶ. ನನಗೇನು ಅವಸರ ಐತಿ?”

ಆಮೇಲೆ ಮಾವ ಅತ್ತೆಯ ರಿಪೋರ್ಟು ಹಿಡಿದು ರೈಲಿನಲ್ಲೇ ಸಂಸಾರ ಹೂಡಿದ. ಗುಲ್ಬರ್ಗ, ಸೊಲ್ಲಾಪುರ, ಮತ್ತೆ ಹೈದರಾಬಾದು. ಹೋದಲ್ಲೆಲ್ಲ ಒಂದೊಂದು ಹೊಸ ಅಭಿಪ್ರಾಯ. ಅಭಿಪ್ರಾಯಗಳು ಹೆಚ್ಚಾದವು, ಅತ್ತೆ ಕಡಿಮೆಯಾದಳು.

ಒಂದು ಮಧ್ಯಾಹ್ನ ಅವನು ಮತ್ತೆ ಚೀಲ ಹೆಗಲಿಗೆ ಹಾಕಿದಾಗ ಅತ್ತೆ ಅವನ ಧೋತರದ ಚುಂಗು ಹಿಡಿದಳು.

“ಎಲ್ಲಿಗೂ ಬ್ಯಾಡ್ರಿ. ಭಾಳ ನೋಯ್ಲಿಕತ್ತದ. ಅಂಗಳದಾಗಿನ ಕಲ್ಲಿನ ತುಂಡ ಕಾಸಿ ಹೊಟ್ಟಿ ಮ್ಯಾಲ ಇಡ್ರಿ. ಅಟ್ಟ ಸಾಕು.”

ನಾನು ವಾಡಿಕೆಯಂತೆ, “ಬಾಜೂ ಮನಿಯವರನ್ನ ಕರೀಲೇನು ಮಾವ?” ಎಂದೆ. ಅವನು ಚೀಲ ಕೆಳಗಿಟ್ಟ. ಅಂಗಳದ ಹಾಸುಗಲ್ಲಿನ ಚೂರೊಂದನ್ನು ಒಲೆಯಲ್ಲಿ ಕಾಸಿ, ಬಟ್ಟೆಯಲ್ಲಿ ಸುತ್ತಿ, ಒಳಗೆ ಹೋಗಿ ಕದ ಹಾಕಿಕೊಂಡ. ಅಂದಿನಿಂದ ಅವನು ಊರು ಬಿಡಲಿಲ್ಲ; ದಿನವೂ ಕಲ್ಲು ಕಾಸಿ ಒಳಗೆ ಒಯ್ಯುತ್ತಿದ್ದ. ಯಾರನ್ನೂ ಏನನ್ನೂ ಕೇಳಲಿಲ್ಲ.

ಅತ್ತೆಯನ್ನು ಮಣ್ಣು ಮಾಡಿ ಬಂದ ದಿನ ಅವನ ಜಳಕಕ್ಕೆ ನೀರು ಹಾಕಲು ನಾನು ಬಚ್ಚಲಿಗೆ ಹೋದೆ. ಮಾವ ಅಂಗಿ ಕಳಚಿದ. ಹೊಟ್ಟೆಯ ತುಂಬ ಸುಟ್ಟ ಗಾಯಗಳು. ಕೆಲವು ಒಣಗಿದ್ದವು, ಕೆಲವು ಇನ್ನೂ ಹಸಿ.

“ಮಾವ! ಇದೇನಿದು?”

“ಎಷ್ಟ ಬಿಸಿ ಇರಬೇಕಂತ ಅವರ್ಯಾರೂ ಒಂದ ಮಾತಿಗಿ ಬರಲಿಲ್ಲಲ್ಲೋ,” ಎಂದ. “ಅದಕ, ಮೊದಲ ನಾ ಇಟಗೊಂಡ ನೋಡ್ತಿದ್ದೆ.”