ಮುಳ್ಳಯ್ಯನಗಿರಿಗೆ ಒಂದೇ ಸೀಟು

ಬಿಲ್ವಪತ್ರೆ ಗಿಡಕ್ಕೆ ಎರಡು ಕೊಡ ನೀರು ಹಾಕದೆ ಪುಟ್ಟಬಸಮ್ಮ ಒಂದು ತೊಟ್ಟು ಕಾಫಿಯನ್ನೂ ಬಾಯಿಗೆ ಬಿಟ್ಟುಕೊಂಡವರಲ್ಲ. ಗಿಡ ಇರುವುದು ಮೂರು ಮಹಡಿ ಮೇಲಿನ ತಾರಸಿಯಲ್ಲಿ. ಆ ದಿನವೂ ಗಂಡನ ಫೋನನ್ನು ಸೊಂಟಕ್ಕೆ ಸಿಕ್ಕಿಸಿ, ಅದರಲ್ಲಿ ಶಿವನ ಹಾಡು ಹಚ್ಚಿಕೊಂಡು, ಮೊದಲ ಕೊಡ ಹಾಕಿ ಇಳಿದು ಬಂದರು. ಎರಡನೆಯದಕ್ಕೆ ಕೈ ಹಾಕುವಷ್ಟರಲ್ಲಿ ನಿನ್ನೆಯ ಜಗಳ ನಿಂತಲ್ಲಿಂದ ಹೊರಟಿತು.

"ಮುಳ್ಳಯ್ಯನಗಿರಿ ಅಂದ್ರೆ ನಮ್ ತಾರಸಿ ಅಲ್ಲ ಕಣಮ್ಮಿ. ರಾಜ್ಯಕ್ಕೇ ಎತ್ತರದ ಬೆಟ್ಟ. ನಮ್ ವಾಕಿಂಗ್ ಗುಂಪು ಬುಡದಿಂದ ನಡ್ಕೊಂಡೇ ಹತ್ತೋದು," ಎಂದರು ಗಂಡ ಕರಿಬಸವಯ್ಯ, ಹೊಸ ಬೂಟಿನ ದಾರ ಬಿಗಿಯುತ್ತ.

"ತುದೀಲಿ ಸ್ವಾಮಿ ಗದ್ದುಗೆ ಅದೆ. ನಡ್ಕೊಂಡೇ ಬತ್ತೀನಿ ಅಂತ ಹರಕೆ ಹೊತ್ತು ಹನ್ನೊಂದು ವರ್ಷ ಆಯ್ತು."

"ವ್ಯಾನಲ್ಲಿ ಉಳ್ದಿರೋದು ಒಂದೇ ಸೀಟು. ನಿನ್ ಹರಕೇನೂ ನಾನೇ ತೀರಿಸ್ಬುಟ್ಟು ಬತ್ತೀನಿ ಬುಡು."

"ನನ್ ಹರಕೆ ನಿಮ್ ಕಾಲಲ್ಲಿ ತೀರ್ತದಾ?"

"ತೀರುದ್ರೆ ಸಾಕು. ಯಾರ್ ಕಾಲಾದ್ರೇನು?"

"ಹಂಗಾದ್ರೆ ಇವತ್ತು ನಿಮ್ ಊಟಾನೂ ನಾನೇ ಉಣ್ತೀನಿ. ಹೊಟ್ಟೆ ತುಂಬುದ್ರೆ ಹೇಳಿ."

ಅಷ್ಟರಲ್ಲಿ ಲಾರಿ ಸ್ಪೇರ್ ಪಾರ್ಟ್ಸ್ ಅಂಗಡಿಯ ಜಿಯಾವುಲ್ಲಾ ಬಂದರು. ಗುಂಡ್ಲುಪೇಟೆಯ ವಾಕಿಂಗ್ ಗುಂಪಿನ ಮುಖಂಡರು. ಬೆಟ್ಟದ ಪ್ರಯಾಣ ಗೊತ್ತು ಮಾಡಿದವರೂ ಅವರೇ.

"ಸೀಟು ಅಣ್ಣಂಗೇ ಅಕ್ಕಾ. ದಿನಾ ಆರು ಸಾವಿರ ಹೆಜ್ಜೆ ಹಾಕೋರಿಗೆ ಮಾತ್ರ ಅಂತ ರೂಲ್ಸು. ಅಣ್ಣಂದು ಒಂಬತ್ತು! ಫೋನೇ ಎಣಿಸಿ ಗುಂಪಿಗೆ ಹಾಕ್ತದೆ. ಬೇಗೂರಿನ ಹುಡುಗ್ರೂ ಇವರ ಹಿಂದೆ."

ಕರಿಬಸವಯ್ಯ ಮೀಸೆ ಸವರಿಕೊಂಡರು.

"ಒಂಬತ್ತು ಸಾವಿರಾನಾ? ಇವರು ಬೆಳಿಗ್ಗೆ ಹೋಗೋದು ಬಸ್ ಸ್ಟ್ಯಾಂಡ್ ಟೀ ಅಂಗಡಿ ಬೆಂಚಿಗಲ್ವಾ?"

"ಹೋಗೋದು ನಡ್ಕೊಂಡೇ ತಾನೆ?" ಎಂದರು ಕರಿಬಸವಯ್ಯ.

"ಅಕ್ಕಾ, ಹೋದ ಭಾನುವಾರ ಹನ್ನೆರಡು ಸಾವಿರ!"

"ಭಾನುವಾರ ಇವರು ಚಾಮರಾಜನಗರದ ಬೀಗರ ಮನೇಲಿ ಹೋಳಿಗೆ ಉಂಡು ಸಂಜೆಗಂಟ ಮಲಗಿದ್ರು. ಫೋನ್ ಕೂಡ ಇಲ್ಲೇ ಮರ್ತು ಹೋಗಿದ್ರು. ಅರಿಶಿನ ಒಣಗಾಕಕ್ಕೆ ಅಂತ ನಾನು ದಿನಪೂರ್ತಿ ತಾರಸಿ ಹತ್ತಿ, ಇಳ್ದು..."

ಪುಟ್ಟಬಸಮ್ಮನ ಕೈ ಸೊಂಟದ ಮೇಲೆ ನಿಂತಿತು. ಅಲ್ಲಿ ಫೋನು ಇನ್ನೂ ಹಾಡುತ್ತಿತ್ತು. ಮೂವರೂ ಅದನ್ನೇ ನೋಡಿದರು.

"ಅಣ್ಣಾ!" ಎಂದರು ಜಿಯಾವುಲ್ಲಾ.

"ನಂಗೇನ್ ಗೊತ್ತು? ಟೀ ಕುಡುದ್ರೂ ಹೆಜ್ಜೆ ಬತ್ತದಲ್ಲ, ಒಳ್ಳೇ ಫೋನು ಅಂದ್ಕೊಂಡೆ."

"ಆ ಕೊಡ ಹೊತ್ಕೊಂಡು ಒಂದ್ಸಲ ತಾರಸಿಗೆ ಹೋಗ್ಬುಟ್ಟು ಬನ್ನಿ. ಆಮೇಲೆ ಬೆಟ್ಟದ ಮಾತಾಡನ," ಎಂದರು ಪುಟ್ಟಬಸಮ್ಮ.

ಬೂಟಿನ ಸದ್ದು ಮೊದಲನೇ ಮಹಡಿಯವರೆಗೆ ಜೋರಾಗಿತ್ತು. ಎರಡನೆಯದರಲ್ಲಿ ನಿಂತೇಹೋಯಿತು.

"ಏನಾಯ್ತು?" ಎಂದು ಪುಟ್ಟಬಸಮ್ಮ ಕೂಗಿದರು.

"ಏನಿಲ್ಲ. ಇಲ್ಲಿ... ಗಾಳಿ... ಚೆನ್ನಾಗದೆ."

ಅವರು ಹತ್ತಿ ಹೋಗಿ ನೋಡಿದರೆ ಗಂಡ ಮೆಟ್ಟಿಲ ಮೇಲೆ ಕೂತು ಕೊಡವನ್ನು ಅಪ್ಪಿಕೊಂಡಿದ್ದರು. ಅರ್ಧ ನೀರು ಬೂಟಿನೊಳಗಿತ್ತು. ಪುಟ್ಟಬಸಮ್ಮ ಕೊಡ ಇಸಿದುಕೊಂಡು, ಮೇಲೆ ಹೋಗಿ ಗಿಡಕ್ಕೆ ಹಾಕಿ, ಕೈ ಮುಗಿದು ಬಂದರು. ಕೆಳಗೆ ಜಿಯಾವುಲ್ಲಾ ಪಟ್ಟಿಯಲ್ಲಿ ಹೆಸರು ತಿದ್ದಿಯಾಗಿತ್ತು.

ಉಸಿರು ಹಿಡಿತಕ್ಕೆ ಬಂದ ಮೇಲೆ ಕರಿಬಸವಯ್ಯನವರ ಮನಸ್ಸು ದೊಡ್ಡದಾಯಿತು.

"ಹೋಗ್ಬುಟ್ಟು ಬಾ ಬಸಮ್ಮಿ. ನನ್ ಫೋನೂ ತಕ್ಕೊಂಡು ಹೋಗು. ಹಾಡು ಕೇಳ್ಕೊಂಡು ಆರಾಮಾಗಿ ಹತ್ತು."

"ಬ್ಯಾಡಿ," ಎಂದು ಪುಟ್ಟಬಸಮ್ಮ ಫೋನು ತೆಗೆದು ಗಂಡನ ಜೇಬಿಗೇ ಹಾಕಿದರು. "ಹಾಡು ನಂಗೆ ಬಾಯಲ್ಲೇ ಬತ್ತದೆ. ಇದು ನನ್ ಜೊತೆ ಬಂದ್ರೆ ಆ ಬೆಟ್ಟಾನೂ ನೀವೇ ಹತ್ತಿರ್ತೀರಿ."