ಕೂತಲ್ಲೇ ವಿದೇಶ ಶುಲ್ಕ

"ಇನ್ನು ಮೇಲೆ ಈ ಊರಿನ ಯಾವ ಅಂಗಡಿಯವನೂ ನನ್ನ ತಲೆ ಬೋಳಿಸೋಕಾಗಲ್ಲ!" ಎಂದು ಕಡೇಸಾಲು ತನ್ನ ಅಂಗಡಿಯ ಕನ್ನಡಿಗಳಿಗೆಲ್ಲ ಕೇಳಿಸುವಂತೆ ಘೋಷಿಸಿದ. ತಾನೂ ಈ ಊರಿನ ಅಂಗಡಿಯವನೇ ಎಂಬುದು ಅವನಿಗೆ ಹೊಳೆಯಲಿಲ್ಲ. ಕನ್ನಡಿಗಳೂ ನೆನಪಿಸಲಿಲ್ಲ.

ಕಡೇಸಾಲು ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಅವನದು ಕನ್ನಡಕದ ಅಂಗಡಿ. ಕಣ್ಣು ತೋರಿಸಲು ಬಂದವರನ್ನು ಎತ್ತರದ ಕುರ್ಚಿಯಲ್ಲಿ ಕೂರಿಸಿ ಗೋಡೆಯ ಅಕ್ಷರಪಟ ಓದಿಸುತ್ತಾನೆ. ಪಾಪದ ಗಿರಾಕಿ ಕಟ್ಟಕಡೆಯ ಸಾಲಿಗೆ ಬಂದು ತೊದಲಿದರೆ ಸಾಕು, "ಆ ಕಡೇ ಸಾಲನ್ನ ನಾನು ರಸ್ತೆ ಆಚೆ ನಿಂತು ಓದ್ತೀನಿ ಸ್ವಾಮಿ!" ಎಂದು ಎದೆಯುಬ್ಬಿಸುತ್ತಾನೆ. ಅಂಗಡಿ ತೆರೆದಾಗಿನಿಂದ ಗೋಡೆಯ ಮೇಲಿರುವುದು ಅದೊಂದೇ ಪಟ, ಅದು ಅವನಿಗೆ ಬಾಯಿಪಾಠ ಎಂದು ಹೇಳುವ ಗೋಜಿಗೆ ಯಾರೂ ಹೋಗಿರಲಿಲ್ಲ.

ಈ ಘೋಷಣೆಗೆ ಕಾರಣ ಹೆಂಡತಿಯ ಕಿವಿ. ಆಕೆ ಒಂದು ಬ್ಯಾಂಕಿನ ಫೋನ್ ವಿಭಾಗದಲ್ಲಿ ಕೆಲಸಕ್ಕಿದ್ದಳು. ಊರಿನ ಸಿಟ್ಟನ್ನೆಲ್ಲ ದಿನವಿಡೀ ಕಿವಿಯಲ್ಲಿ ತುಂಬಿಕೊಂಡು "ಆಗಲಿ ಸರ್" ಎನ್ನುವುದೇ ಆ ಕೆಲಸ. ಬ್ಯಾಂಕು ಕೊಟ್ಟ ಹೆಡ್‌ಫೋನು ಬಿಗಿಯೋ ಬಿಗಿ. ಸಂಜೆ ಅದನ್ನು ಬಿಚ್ಚಿದರೆ ಕಿವಿಯ ಅಂಚು ಕೆಂಪಗೆ ಕಂದಿರುತ್ತಿತ್ತು. ಮಲಗುವಾಗ ಯಾವ ಮಗ್ಗುಲಿಗೆ ಹೊರಳಿದರೂ ಉಸ್ ಎನ್ನುತ್ತಿದ್ದಳು. ಪಕ್ಕದಲ್ಲಿ ಮಲಗಿದವನಿಗೆ ಆ ಉಸ್ ಚುಚ್ಚುತ್ತಿತ್ತು.

ಮೆತ್ತನೆಯ ಹೆಡ್‌ಫೋನಿಗೆ ಊರಿನ ಅಂಗಡಿಯವನು ಹೇಳಿದ ಬೆಲೆ ಕೇಳಿ ಇವನದೇ ಕಿವಿ ಕಂದಿತು. ಅದೇ ವಸ್ತು ಸಮುದ್ರದಾಚೆಯ ಒಂದು ಆನ್‌ಲೈನ್ ಅಂಗಡಿಯಲ್ಲಿ ಅರ್ಧಕ್ಕರ್ಧ ಅಗ್ಗ! ಅದೂ ಬೆಲೆ ತೋರಿಸಿದ್ದು ಯಾವುದೋ ಬಾಯಿಗೆ ಬಾರದ ನಾಣ್ಯದಲ್ಲಲ್ಲ, ನಮ್ಮದೇ ದುಡ್ಡಿನಲ್ಲಿ. ಪಕ್ಕದಲ್ಲಿ "ನಿಮ್ಮ ಅನುಕೂಲಕ್ಕಾಗಿ" ಎಂಬ ಒಕ್ಕಣೆ ಬೇರೆ.

ಆ ಎರಡು ಪದಗಳ ಬಗ್ಗೆ ಒಂದು ಮಾತು ಹೇಳಿಯೇ ಮುಂದೆ ಹೋಗಬೇಕು. ನಿಮ್ಮ ಅನುಕೂಲಕ್ಕಾಗಿ ಎಂದು ಯಾರಾದರೂ ಬರೆದು ತೂಗುಹಾಕಿದರೆ ಮೊದಲು ಜೇಬು ಮುಟ್ಟಿ ನೋಡಿಕೊಳ್ಳಿ! ನಿಜವಾಗಿ ಅನುಕೂಲ ಮಾಡುವವರು ಬೋರ್ಡು ಬರೆಸುವುದಿಲ್ಲ. ಆ ಪದಗಳ ತಲೆಯ ಮೇಲೆ ಸಾಸಿವೆ ಕಾಳಿನಷ್ಟು ಒಂದು ನಕ್ಷತ್ರ ಮಿನುಗುತ್ತಿತ್ತು. ಪುಟದ ತೀರಾ ಕೆಳಗೆ, ಬೂದುಬಣ್ಣದ ಮೇಲೆ ಬೂದುಬಣ್ಣದಲ್ಲಿ, ಆ ನಕ್ಷತ್ರದ ಅರ್ಥ ಬರೆದಿತ್ತು. ಅದು ಪುಟದ ಕಟ್ಟಕಡೆಯ ಸಾಲು. ನಮ್ಮ ಕಡೇಸಾಲು ಅದನ್ನು ಓದಲಿಲ್ಲ.

ಹೆಂಡತಿಯ ಬ್ಯಾಂಕೇ ಕೊಟ್ಟಿದ್ದ ಕಾರ್ಡಿನಲ್ಲಿ ದುಡ್ಡು ಕಟ್ಟಿದ. ಫೋನು ಟಣ್ ಎಂದಿತು. ವಸ್ತುವಿನ ಬೆಲೆ ಖಾತೆಯಿಂದ ಹೋಯಿತು. ಸರಿ. ಮತ್ತೆ ಟಣ್. "ವಿದೇಶಿ ವ್ಯವಹಾರ ಶುಲ್ಕ." ಕುರ್ಚಿಯಿಂದ ಎದ್ದೇ ಇಲ್ಲ, ಅದ್ಯಾವ ವಿದೇಶ? ಮೂರನೆಯ ಟಣ್. ಆ ಶುಲ್ಕದ ಮೇಲೆ ತೆರಿಗೆ! ಬಾಲಕ್ಕೆ ಬೆಂಕಿ ಬಿದ್ದವನಂತೆ ಎಗರಿ ಆ ಕ್ಷಣವೇ ಆರ್ಡರು ರದ್ದು ಮಾಡಿದ. ಗೆದ್ದೆ ಎಂದುಕೊಂಡ. ಹೆಂಡತಿಗೆ ಈ ಸುದ್ದಿ ಸುಳಿಯಗೊಡಲಿಲ್ಲ. ಕಾಣಿಕೆಯೇ ಇಲ್ಲದ ಮೇಲೆ ಗುಟ್ಟು ಬಿಟ್ಟುಕೊಟ್ಟು ನಗೆಪಾಟಲಾಗುವುದೇಕೆ?

ದುಡ್ಡು ವಾಪಸು ಬರಲು ವಾರಗಳೇ ಹಿಡಿದವು. ಕೊನೆಗೆ ತಿಂಗಳ ಕಡೆಯ ದಿನ, ಅಂಗಡಿಯ ಬಾಗಿಲೆತ್ತುವ ಹೊತ್ತಿಗೆ ಬಂತು. ಹೋಗುವಾಗ ದುಂಡಗೆ ಹೋದದ್ದು ಬರುವಾಗ ಸೊರಗಿ ಬಂತು. ಈ ನಡುವೆ ವಿನಿಮಯ ದರ ಬದಲಾಗಿತ್ತಂತೆ. ಮೊದಲಿನ ಶುಲ್ಕ ಹೋಯಿತು, ಬರಲಿಲ್ಲ. ವಾಪಸು ಬಂದ ದುಡ್ಡೂ ಗಡಿ ದಾಟಿಯೇ ಬಂತಲ್ಲ ಎಂದು ಅದಕ್ಕೂ ಒಂದು ಶುಲ್ಕ! ಲೆಕ್ಕ ಹಾಕಿದ. ಹೆಡ್‌ಫೋನ್ ಕೊಳ್ಳದೇ ಇರುವುದಕ್ಕೆ ಕಾಲು ಹೆಡ್‌ಫೋನಿನ ದುಡ್ಡು ತೆತ್ತಿದ್ದ.

ಬ್ಯಾಂಕಿಗೆ ಫೋನ್ ಮಾಡಿದ. ಜೇನು ಸವರಿದಂಥ ಗಂಡುದನಿಯೊಂದು ಬಂತು.

"ನಿಮ್ಮ ಬೇಸರ ನಮಗೆ ಅರ್ಥವಾಗುತ್ತೆ ಸರ್."

"ಅರ್ಥ ಆಗೋದು ಬೇಡ, ವಾಪಸ್ ಕೊಡಿ!"

"ಒಂದು ನಿಮಿಷ ಲೈನಿನಲ್ಲೇ ಇರಿ ಸರ್."

ಸಂಗೀತ ಶುರುವಾಯಿತು. ಸಂಗೀತ ಮುಗಿಯಿತು. ಲೈನೂ ಮುಗಿಯಿತು. ಅದರ ಬೆನ್ನಿಗೇ ಬ್ಯಾಂಕಿನ ಯಂತ್ರ ಇವನಿಗೆ ತಾನೇ ಫೋನ್ ಮಾಡಿ, "ನಮ್ಮ ಸೇವೆಗೆ ಒಂದರಿಂದ ಐದರವರೆಗೆ ಅಂಕ ಕೊಡಿ" ಎಂದು ಶುರುಮಾಡಿತು. ಅದು ಇನ್ನೂ ಏನೋ ಹೇಳುವುದರಲ್ಲಿತ್ತು. ಇವನು ಕೇಳಲಿಲ್ಲ. ಒಂದನ್ನು ಹೆಬ್ಬೆಟ್ಟಿನಿಂದ ಅದುಮಿದ.

ಅದುಮಿದ ಮೇಲೆ ತಲೆಯಲ್ಲಿ ದೀಪ ಹತ್ತಿತು. ಜೇನುದನಿ! ಜೇನುಗಂಟಲು ಎಂದು ಹೆಂಡತಿ ದಿನಾ ಬೈಯುವ ಸಹೋದ್ಯೋಗಿ ಇವನೇ ಅಲ್ಲವೇ? ಅವಳ ವಿಭಾಗದಲ್ಲಿ ಮೇಲ್ವಿಚಾರಕರ ಜಾಗವೊಂದು ಖಾಲಿಯಿತ್ತು. ಸಿಕ್ಕವರು ಆ ಹೆಡ್‌ಫೋನು ಬಿಚ್ಚಿಟ್ಟು ಮೇಜಿನ ಹಿಂದೆ ಕೂರಬಹುದು. ಫೋನಿನ ಕಾಟ ಮುಗಿಯಿತು. ಗಿರಾಕಿಗಳು ಈ ತಿಂಗಳು ಕೊಟ್ಟ ಅಂಕ ನೋಡಿ ಜಾಗ ಕೊಡುತ್ತಾರೆ. "ಅವನದೂ ನನ್ನದೂ ಸರಿಸಮ ಇದೆ ರೀ. ಇವತ್ತು ಮಧ್ಯಾಹ್ನಕ್ಕೆ ಕೊನೆ. ಸಿಕ್ಕಿದರೆ ನನ್ನ ಕಿವಿ ಬದುಕಿತು" ಎಂದು ಆಕೆ ಬೆಳಿಗ್ಗೆ ಚಪ್ಪಲಿ ಮೆಟ್ಟುತ್ತ ಹೇಳಿದ್ದಳು.

ಇದಕ್ಕಿಂತ ಒಳ್ಳೆಯ ಅವಕಾಶ ಬೇಕೆ? ಅಂಗಡಿಗೆ ಬಂದ ಗಿರಾಕಿಯನ್ನು ಬಾಗಿಲಲ್ಲೇ ನಿಲ್ಲಿಸಿಕೊಂಡು ಕಡೇಸಾಲು ಮತ್ತೆ ಫೋನ್ ಮಾಡಿದ. ಬೇರೆ ಯಾರೋ ಎತ್ತಿದರೆ ಇಟ್ಟ. ಮತ್ತೆ ಮಾಡಿದ. ಜೇನುದನಿ ಸಿಕ್ಕಿತು, ಬೈದ, ಒಂದು ಒತ್ತಿದ. ಮತ್ತೆ ಹುಡುಕಿ ಹಿಡಿದ, ಉಗಿದ, ಒಂದು ಒತ್ತಿದ. ಶುಲ್ಕ ಮರೆತೇಹೋಗಿತ್ತು. ಮನುಷ್ಯನಿಗೆ ತನಗಾದ ಅನ್ಯಾಯಕ್ಕಿಂತ ತಾನು ಮಾಡಬಹುದಾದ ಅನ್ಯಾಯ ಎಷ್ಟು ಬೇಗ ರುಚಿ ಹತ್ತುತ್ತದೆ ನೋಡಿ!

ಆಮೇಲಿನ ಕರೆಯನ್ನು ಎತ್ತಿದ್ದು ಹೆಣ್ಣುದನಿ. ಅವನು ದಿನಾ ಕೇಳುವ ದನಿಯೇ. ಆದರೆ ಅದಕ್ಕೆ ಇಸ್ತ್ರಿ ಹಾಕಿದಂತಿತ್ತು.

"ನಮಸ್ಕಾರ, ಹೇಗೆ ಸಹಾಯ ಮಾಡಲಿ?"

"ಲೇ! ನೀನೇನೇ?"

"ಸರ್, ಈ ಕರೆ ಧ್ವನಿಮುದ್ರಣ ಆಗ್ತಿದೆ. ಭದ್ರತೆಗಾಗಿ ನಿಮ್ಮ ತಾಯಿಯವರ ಹೆಸರು ಹೇಳ್ತೀರಾ?"

"ನಿಂಗೊತ್ತಿಲ್ವಾ? ಬೆಳಗ್ಗೆ ತಾನೇ ಫೋನಲ್ಲಿ ಅವಳ ಜೊತೆ ಕಿತ್ತಾಡಿ ಹೋದ್ಯಲ್ಲ!"

"ಮನೆ ವಿಳಾಸ ಸರ್?"

"ನೀನು ಯಾವಾಗ್ಲೂ ಗ್ಯಾಸ್ ಆರಿಸೋದು ಮರೆಯೋ ಮನೆ."

"ಧನ್ಯವಾದ ಸರ್, ದೃಢಪಟ್ಟಿದೆ. ಇವತ್ತೂ ಮರೆತಿದೆ, ದಯವಿಟ್ಟು ಗ್ಯಾಸ್ ಆರಿಸಿ ಸರ್. ನಿಮ್ಮ ದೂರು?"

ಕಡೇಸಾಲು ಗಂಟಲು ಸರಿಮಾಡಿಕೊಂಡು, ವಸ್ತುವಿನ ಹೆಸರೊಂದು ಬಿಟ್ಟು ಎಲ್ಲವನ್ನೂ ಹೇಳಿದ. ಬೆಲೆ ನಮ್ಮ ದುಡ್ಡಿನಲ್ಲೇ ಇತ್ತಲ್ಲ, ಮತ್ತೆ ವಿದೇಶ ಎಲ್ಲಿಂದ ಬಂತು ಎಂದ.

"ಬೆಲೆ ಯಾವ ದುಡ್ಡಲ್ಲಿ ತೋರಿಸ್ತಾರೆ ಅನ್ನೋದು ಮುಖ್ಯ ಅಲ್ಲ ಸರ್. ಅಂಗಡಿ ಎಲ್ಲಿದೆ ಅನ್ನೋದು ಮುಖ್ಯ. ಷರತ್ತು ಕೆಳಗೆ ಬರೆದಿರುತ್ತೆ, ಕಡೇ ಸಾಲಲ್ಲಿ."

ಕಡೇ ಸಾಲು ಎನ್ನುವಾಗ ಇಸ್ತ್ರಿ ಒಂದಿಷ್ಟು ಸುಕ್ಕಾದಂತಿತ್ತು.

"ತೆಗೆದುಕೊಂಡ ವಸ್ತು ಯಾವುದು ಸರ್?"

"ಹೆಡ್‌ಫೋನು. ಮೆತ್ತಂದು." ಅವನು ದನಿ ತಗ್ಗಿಸಿದ. "ಹೆಂಡತಿಗೆ ಅಂತ. ಅವಳ ಕಿವಿ ನೋಯುತ್ತೆ."

ಆ ಕಡೆಯಿಂದ ಪಕ್ಕದ ಮೇಜುಗಳ "ಆಗಲಿ ಸರ್, ಆಗಲಿ ಮೇಡಂ" ಮಾತ್ರ ಜೇನುನೊಣದ ಹಾಗೆ ಗುಂಯ್‌ಗುಟ್ಟುತ್ತಿತ್ತು.

"ಸರ್," ಎಂದಳು ಕೊನೆಗೆ. ದನಿಯ ಇಸ್ತ್ರಿ ಪೂರ್ತಿ ಹೋಗಿತ್ತು. "ಆ ಶುಲ್ಕ ವಾಪಸ್ ಬರಲ್ಲ ಸರ್. ನನ್ನ ಕೈಲಿಲ್ಲ. ಈಗ ಒಂದು ಕರೆ ಬರುತ್ತೆ. ಅದರಲ್ಲಿ ಹೇಳೋದನ್ನ ಪೂರ್ತಿ ಕೇಳಿ. ದಯವಿಟ್ಟು ಪೂರ್ತಿ ಕೇಳಿ ಸರ್."

ಪಾಪ, ಕಾಗದ ನೋಡಿ ಓದುತ್ತಿದ್ದಾಳೆ ಎಂದುಕೊಂಡ ಕಡೇಸಾಲು. ಯಂತ್ರದ ಕರೆ ಬಂತು. "ಒಂದರಿಂದ ಐದರವರೆಗೆ" ಎಂದದ್ದೇ ತಡ, ಇಷ್ಟು ವರ್ಷದ ಸಂಸಾರದ ಪ್ರೀತಿಯನ್ನೆಲ್ಲ ಬೆರಳ ತುದಿಗೆ ತಂದು ಐದು ಒತ್ತಿದ! ಆಮೇಲೆ ಮನೆಗೆ ಓಡಿ ಗ್ಯಾಸ್ ಆರಿಸಿದ. ಪಾತ್ರೆಯ ತಳ ಸೀದುಹೋಗಿತ್ತು. ಹೋಗಲಿ, ಮೇಲ್ವಿಚಾರಕಿಯ ಮನೆಯಲ್ಲಿ ಹೊಸ ಪಾತ್ರೆಗೆ ಬರವೇ?

ಸಂಜೆ ಅವಳು ಬಂದಳು. ಬಾಗಿಲಲ್ಲೇ ಕಾದಿದ್ದ ಕಡೇಸಾಲು, "ಬನ್ನಿ ಮೇಲ್ವಿಚಾರಕಿಯವರೇ!" ಎಂದು ಸೊಂಟ ಬಗ್ಗಿಸಿದ. ಅವಳು ಅವನನ್ನು ದಾಟಿ ಒಳಗೆ ಹೋಗಿ ಕುರ್ಚಿಯಲ್ಲಿ ಕುಸಿದಳು. ಕಿವಿಯ ಅಂಚು ಎಂದಿನಂತೆ ಕೆಂಪಗಿತ್ತು.

"ಎಷ್ಟು ಒತ್ತಿದ್ರಿ?"

"ಐದು! ಅಷ್ಟೇ ಅಲ್ಲ, ನಿನ್ನ ಆ ಜೇನುಗಂಟಲಿನವನಿಗೆ ಮೂರು ಸಲ ಒಂದು ಒತ್ತಿದೀನಿ. ಹುಡುಕಿ ಹುಡುಕಿ ಒತ್ತಿದೀನಿ ಕಣೇ!"

ಅವಳು ಕಣ್ಣು ಮುಚ್ಚಿಕೊಂಡಳು.

"ಮೂರೂ ನಿಮ್ಮವೇನಾ?"

"ಯಾಕೆ?"

"ಯಾಕಂದ್ರೆ ಒಂದು ಅಂದ್ರೆ ಅತ್ಯುತ್ತಮ ರೀ. ಐದು ಅಂದ್ರೆ ತೀರಾ ಕಳಪೆ. ಪೂರ್ತಿ ಕೇಳಿ ಅಂತ ಬಾಯಿ ಬಿಟ್ಟು ಅಂಗಲಾಚಿದೆನಲ್ಲ!"

ಕಡೇಸಾಲು ತಾನು ಒತ್ತಿದ್ದನ್ನೆಲ್ಲ ಬೆರಳು ಮಡಿಸಿ ಮತ್ತೆ ಎಣಿಸತೊಡಗಿದ.

"ಅವನಿಗೆ ಜಾಗ ಸಿಕ್ತು. ಮಧ್ಯಾಹ್ನವೇ ಹೆಡ್‌ಫೋನ್ ಬಿಚ್ಚಿಟ್ಟ. ಗಿರಾಕಿಗಳ ಮನಸ್ಸು ಗೆದ್ದವನು ಅಂತ ಎಲ್ಲರ ಕೈಲೂ ಚಪ್ಪಾಳೆ ಹೊಡೆಸಿದ್ರು. ನಾನೂ ಹೊಡೆದೆ."

"ಈಗಲೇ ಫೋನ್ ಮಾಡ್ತೀನಿ! ತಪ್ಪಿ ಒತ್ತಿದೆ ಅಂತೀನಿ!"

"ಮಾಡಿ. ಅಂಥ ದೂರನ್ನೆಲ್ಲ ಮೇಲ್ವಿಚಾರಕರಿಗೆ ಕೊಡ್ತಾರೆ. ಅವನೇ ನೋಡ್ತಾನೆ. ಯಾರ ಗಂಡ ಅಂತಲೂ ಪತ್ತೆ ಹಚ್ಚುತ್ತಾನೆ. ಆಮೇಲೆ ಇರೋ ಕೆಲಸಾನೂ ಹೋಗುತ್ತೆ."

ಎತ್ತಿಕೊಂಡ ಫೋನನ್ನು ಅವನು ಮೆಲ್ಲಗೆ ಕೆಳಗಿಟ್ಟ.

"ಹಾಗಾದ್ರೆ ನಾನೀಗ ಏನು ಮಾಡ್ಲಿ, ಹೇಳೇ."

ಹೆಂಡತಿ ಎರಡೂ ಕಿವಿಯನ್ನು ಅಂಗೈಯಿಂದ ಮುಚ್ಚಿಕೊಂಡು ಹೇಳಿದಳು:

"ಸುಮ್ನಿರಿ. ನಮ್ಮ ಬ್ಯಾಂಕು ಇನ್ನೂ ಶುಲ್ಕ ಹಾಕದೆ ಬಿಟ್ಟಿರೋದು ಅದೊಂದಕ್ಕೇ."