ಮಾವನವರ ಬೋಟಿಗೆ ಹಾಸಿಗೆ ಕಟ್ಟಿದ್ದು

ನನ್ನ ಮಾವನವರಿಗೆ ಇಬ್ಬರು ಹೆಣ್ಣುಮಕ್ಕಳು, ಇಬ್ಬರು ಅಳಿಯಂದಿರು, ಒಂದು ಮೋಟಾರ್ ಬೋಟು. ಈ ಐದರಲ್ಲಿ ನಿಮಗೆ ಯಾರ ಮೇಲೆ ಪ್ರೀತಿ ಹೆಚ್ಚು ಎಂದು ಕೇಳಿದರೆ ಬೋಟಿನ ಕಡೆ ಕೈ ತೋರಿಸಲು ಅವರಿಗೆ ನಾಚಿಕೆಯೇನೂ ಇಲ್ಲ. ಸರೋವರದಲ್ಲಿ ಪ್ರಯಾಣಿಕರ ಲಾಂಚು ಓಡಿಸಿ ನಿವೃತ್ತರಾದವರು. ಈ ಪುಟ್ಟ ಬೋಟು ಕೊಂಡಾಗಿನಿಂದ ಅದರ ಬಿಳಿ ಮೈಯನ್ನು ವಾರಕ್ಕೊಮ್ಮೆ ತಿಕ್ಕಿ ಮೆರುಗು ಕೊಡುತ್ತಾರೆ. ಅತ್ತೆಯವರನ್ನು ಅಷ್ಟು ಮುತುವರ್ಜಿಯಿಂದ ಅವರು ನೋಡಿದ್ದನ್ನು ನಾನಂತೂ ಕಂಡಿಲ್ಲ (ಅತ್ತೆಯವರೂ ಕಂಡಿಲ್ಲವಂತೆ).

ಈಚೆಗೆ ಮಂಡಿನೋವು ಬಂದು ಬೋಟು ಹತ್ತಿ ಇಳಿಯುವುದು ಕಷ್ಟವಾದಾಗ ಮಾವನವರು ಒಂದು ಘೋಷಣೆ ಹೊರಡಿಸಿದರು. ಯಾವ ಅಳಿಯ ಆಚೆ ದಡದಿಂದ ಬೋಟು ತಂದು, ಮೈಗೆ ಒಂದು ಗೀರೂ ಬೀಳದಂತೆ ಈಚೆ ದಡದ ಜೆಟ್ಟಿಗೆ ಕಟ್ಟುತ್ತಾನೋ ಬೋಟು ಅವನಿಗೆ. ಹಿರಿಯಳಿಯ, ಅಂದರೆ ನನ್ನ ಷಡ್ಡಕರು, ಹೋದ ಭಾನುವಾರ ಪರೀಕ್ಷೆಗೆ ಕೂತು ಒಂದು ಮೊಳದ ಗೀರು ಎಳೆದು ನಪಾಸಾದರು. ನಾನು ಬಾಯಲ್ಲಿ "ಛೇ ಛೇ" ಎಂದೆ. ಒಳಗೆ ಸ್ವರ್ಗಕ್ಕೆ ಮೂರೇ ಗೇಣು.

ನಿಜ ಹೇಳಬೇಕೆಂದರೆ ನನಗೆ ಬೋಟಿಗಿಂತ ಮಾವನವರ ಬಾಯಿಂದ ಒಂದು ಒಳ್ಳೆಯ ಮಾತು ಬೇಕಾಗಿತ್ತು. ಷಡ್ಡಕರು ಮಾತಾಡಿದರೆ ಅವರು ತಲೆಯಾಡಿಸುತ್ತಾರೆ. ನಾನು ಮಾತಾಡಿದರೆ ಕನ್ನಡಕ ಒರೆಸುತ್ತಾರೆ. ಮದುವೆಯಾದಂದಿನಿಂದ ಆ ಕನ್ನಡಕ ಒರೆಸುವುದನ್ನು ನೋಡಿ ನೋಡಿ ನನಗೆ ಸಾಕಾಗಿಹೋಗಿತ್ತು.

ನಾನು ವಿಮಾ ಕಚೇರಿಯಲ್ಲಿ ಕೆಲಸ ಮಾಡುವವನು. ಯಾವ ವಸ್ತು ಎಲ್ಲೆಲ್ಲಿ ಹೇಗೆಲ್ಲ ಒಡೆಯಬಹುದು ಎಂದು ಯೋಚಿಸಿಯೇ ಹೊಟ್ಟೆ ಹೊರೆಯುತ್ತೇನೆ. ಈ ಭಾನುವಾರ ನನ್ನ ಸರದಿ. ಬೆಳಿಗ್ಗೆ ಹೆಂಡತಿಯನ್ನು ಕೇಳಿದೆ.

"ಎರಡು ಫೆಂಡರ್ ಸಾಕಾಗುತ್ತೇನೇ?"

(ಫೆಂಡರ್ ಎಂದರೆ ಗಾಳಿ ತುಂಬಿದ ಉದ್ದನೆಯ ರಬ್ಬರ್ ದಿಂಬು. ಬೋಟಿನ ಪಕ್ಕೆಗೆ ಹಗ್ಗದಲ್ಲಿ ಇಳಿಬಿಡುತ್ತಾರೆ. ಜೆಟ್ಟಿಗೆ ಬೋಟು ಉಜ್ಜದಂತೆ ತಡೆಯುತ್ತದೆ.)

"ಸಾಕು ರೀ. ಜೆಟ್ಟಿ ಅಂಚಿನ ಮಟ್ಟಕ್ಕೆ ಕಟ್ಟಿ. ದೂರದಲ್ಲೇ ನ್ಯೂಟ್ರಲ್‌ಗೆ ತನ್ನಿ. ಬೋಟು ತಾನಾಗಿ ಬಂದು ಒರಗುತ್ತೆ." ಅವಳು ಬಟ್ಟೆ ಮಡಿಸುತ್ತಿದ್ದಳು, ತಲೆ ಎತ್ತಲಿಲ್ಲ.

"ಎರಡರ ಮಧ್ಯೆ ಜಾಗ ಇರುತ್ತಲ್ಲ, ಅಲ್ಲಿ ತಾಗಿದ್ರೆ?"

"ತಾಗಲ್ಲ."

"ತಾಗಲ್ಲ ಅಂದವರೇ ನಮ್ಮ ಆಫೀಸಿನ ಮುಂದೆ ಸಾಲಾಗಿ ನಿಂತಿರ್ತಾರೆ."

"ಕೇಳೋ ಮನಸ್ಸಿಲ್ಲದಿದ್ರೆ ಯಾಕಾದ್ರೂ ಕೇಳಿದ್ರಿ?"

ಆಗಲೇ ನನಗೆ ಜ್ಞಾನೋದಯವಾದದ್ದು. ಅತಿಥಿಗಳ ಕೋಣೆಯಲ್ಲಿ ದಪ್ಪನೆಯ ಹತ್ತಿ ಹಾಸಿಗೆಯೊಂದು ಅತಿಥಿಗಳಿಲ್ಲದೆ ಬಿದ್ದಿತ್ತು. ಅದನ್ನು ಹೊತ್ತು ಹೆಂಡತಿಯೊಡನೆ ಆಚೆ ದಡಕ್ಕೆ ಹೋದೆ. ಜೆಟ್ಟಿ ಬಲಗಡೆಗೆ ಬರುತ್ತದೆಂದು ಲೆಕ್ಕ ಹಾಕಿ ಬೋಟಿನ ಬಲಪಕ್ಕೆಗೆ ಉದ್ದಕ್ಕೂ ಹಾಸಿಗೆ ಬಿಗಿದೆ. ಅದರ ಮೇಲೆ ಎರಡೂ ಫೆಂಡರ್ ತೂಗುಹಾಕಿದೆ.

"ರೀ, ಅದು ಹತ್ತಿ. ನೀರು ಕುಡಿಯುತ್ತೆ," ಎಂದಳು ಹೆಂಡತಿ.

"ನೀರು ಮುಟ್ಟದ ಹಾಗೇ ಕಟ್ಟಿದ್ದೀನಿ. ಕಣ್ಣಿದ್ರೆ ನೋಡು."

ಕಟ್ಟಿದ್ದು ಖಾಲಿ ಬೋಟಿಗೆ ಎಂಬುದು ನಾವಿಬ್ಬರೂ ಹತ್ತಿ ಕೂತ ಮೇಲೆ ಹೊಳೆಯಿತು. ಬೋಟು ಒಂದು ಗೇಣು ಕೆಳಗಿಳಿಯಿತು. ಹಾಸಿಗೆಯ ಅಂಚು ನೀರಿಗೆ ತಾಗಿತು. ಹೆಂಡತಿ ಮುಂದುಗಡೆ ಹಗ್ಗ ಹಿಡಿದು ಕೂತು ಆ ಅಂಚನ್ನೇ ನೋಡುತ್ತಿದ್ದಳು.

ನಡುನೀರಿಗೆ ಬರುವಷ್ಟರಲ್ಲಿ ಹಾಸಿಗೆ ಕಂಠಪೂರ್ತಿ ಕುಡಿದಿತ್ತು. ಬೋಟು ಬಲಕ್ಕೆ ವಾಲಿ, ಮನೆ ದಾರಿ ಹಿಡಿದ ಎತ್ತಿನ ಹಾಗೆ ಬಲಕ್ಕೇ ಎಳೆಯತೊಡಗಿತು. ನೇರ ಹೋಗಬೇಕಾದರೆ ಸ್ಟಿಯರಿಂಗನ್ನು ಪೂರಾ ಎಡಕ್ಕೆ ತಿರುಗಿಸಿ ಅದರ ಮೇಲೆ ಮಲಗಬೇಕಿತ್ತು. ಜೆಟ್ಟಿಯ ಮೇಲೆ ಮಾವನವರು ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಪಕ್ಕದಲ್ಲಿ ಷಡ್ಡಕರು ಕೈಕಟ್ಟಿ ನಿಂತಿದ್ದರು. ಅವರ ಮುಖದಲ್ಲಿ "ಛೇ ಛೇ" ಸಿದ್ಧವಾಗಿತ್ತು.

"ಹಗ್ಗ ಬಿಚ್ಚಿ. ಹಾಸಿಗೆ ಹೋದ್ರೆ ಹೋಗ್ಲಿ," ಎಂದಳು ಹೆಂಡತಿ.

"ಬಿಚ್ಚಕ್ಕಾಗಲ್ಲ. ಗಟ್ಟಿಯಾಗಿ ಕಟ್ಟಿದ್ದೀನಿ."

"ನೀವು ಜನ್ಮದಲ್ಲಿ ಒಂದನ್ನೇ ಗಟ್ಟಿಯಾಗಿ ಕಟ್ಟಿದ್ದು. ಅದೂ ಇದನ್ನ."

ಜೆಟ್ಟಿ ಹತ್ತಿರ ಬಂತೆಂದು ವೇಗ ತಗ್ಗಿಸಿದೆ. ವೇಗ ತಗ್ಗಿದ್ದೇ ತಡ, ಬೋಟು ಹಾಸಿಗೆಯ ಮಾತು ಕೇಳಿತು. ಗಿರಕ್ಕನೆ ಬಲಕ್ಕೆ ಸುತ್ತಿ ಬಂದ ದಾರಿಗೇ ಮುಖ ಮಾಡಿತು. ಈಗ ಜೆಟ್ಟಿ ಇದ್ದದ್ದು ಎಡಗಡೆ. ಎಡಪಕ್ಕೆಯಲ್ಲಿ ಫೆಂಡರೂ ಇಲ್ಲ, ಹಾಸಿಗೆಯೂ ಇಲ್ಲ. ಮಾವನವರು ತಿಕ್ಕಿದ ಮೆರುಗು ಮಾತ್ರ ಥಳಥಳ ಹೊಳೆಯುತ್ತಿತ್ತು.

ಸ್ಟಿಯರಿಂಗ್ ಬಿಟ್ಟು ಒಂದು ಕಾಲನ್ನು ಜೆಟ್ಟಿಯ ಮೇಲಿಟ್ಟೆ, ಇನ್ನೊಂದು ಬೋಟಿನಲ್ಲೇ ಇತ್ತು. ಎರಡು ಕಾಲುಗಳ ನಡುವೆ ಸರೋವರ ಅಗಲವಾಗುತ್ತ ಹೋಯಿತು. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುತ್ತಾರೆ. ನಾನು ಜೆಟ್ಟಿಯಿಂದ ಕೆಳಗೆ ಬಿದ್ದೆ, ಮೀಸೆಗೆ ಪಾಚಿ ಹತ್ತಿತು. ಪುಣ್ಯಕ್ಕೆ ಸೊಂಟಮಟ್ಟದ ನೀರು. ಎದ್ದು ನಿಂತೆ. ಬೆನ್ನ ಹಿಂದೆ ಜೆಟ್ಟಿಯ ಕಾಂಕ್ರೀಟು, ಎದುರಿಗೆ ಬೋಟು. ಅದು ಮೆಲ್ಲಗೆ ಬಂದು ನನ್ನ ಹೊಟ್ಟೆಗೆ ಒರಗಿತು.

ಹೆಂಡತಿ ಮೊದಲು ಎಂಜಿನ್ ಆರಿಸಿದಳು. ಆಮೇಲೆ ಬಗ್ಗಿ ನೋಡಿದಳು.

"ಪೆಟ್ಟಾಯ್ತಾ?"

"ಇಲ್ಲ."

"ಹಾಗಾದ್ರೆ ಅಲ್ಲಾಡಬೇಡಿ. ಬೋಟು ತಾಗುತ್ತೆ."

ಬಲಗಡೆಯ ಎರಡು ಫೆಂಡರ್ ಬಿಚ್ಚಿ, ಎಡಕ್ಕೆ ತಂದು, ನನ್ನ ಆಚೆಗೊಂದು ಈಚೆಗೊಂದು ಇಳಿಬಿಟ್ಟಳು. ಮುಂದಿನ ಹಗ್ಗ, ಹಿಂದಿನ ಹಗ್ಗ ಎರಡನ್ನೂ ಜೆಟ್ಟಿಗೆ ಕಟ್ಟಿದಳು. ಎಲ್ಲ ಮುಗಿದ ಮೇಲೆ ನಾನು ಏಣಿ ಹಿಡಿದು ಹತ್ತಲು ಅಪ್ಪಣೆಯಾಯಿತು.

ಮಾವನವರು ಕೋಲೂರಿ ಎದ್ದು ಬಂದು, ಬಗ್ಗಿ, ಬೋಟಿನ ಪಕ್ಕೆಯನ್ನು ಅಂಗೈಯಲ್ಲಿ ಸವರಿದರು. ತುದಿಯಿಂದ ತುದಿಗೆ.

"ಗೀರಿಲ್ಲ," ಎಂದರು.

ನೀರು ಸುರಿಯುತ್ತಿದ್ದ ನನ್ನ ಎದೆ ಉಬ್ಬಿತು. ಗೀರು ಬೀಳಬಾರದೆಂದು ತಾನೆ ಷರತ್ತು? ಬಿದ್ದಿಲ್ಲ. ಷಡ್ಡಕರ ಕಡೆ ಒಂದು ನೋಟ ಬೀರಿ ಕೈ ಚಾಚಿದೆ. ಮಾವನವರು ಜೇಬಿನಿಂದ ಬೋಟಿನ ಇನ್ನೊಂದು ಕೀಲಿಕೈ ತೆಗೆದು, ಆ ಕೈಯ ಮೇಲಿಂದ ದಾಟಿಸಿ ಮಗಳಿಗೆ ಕೊಟ್ಟರು.

"ಕಟ್ಟಿದವಳು ನೀನು. ಚಿಕ್ಕಂದಿನಲ್ಲಿ ಲಾಂಚಲ್ಲಿ ನನ್ನ ಪಕ್ಕ ಕೂತು ಕಲಿತವಳು. ಅಳಿಯಂದಿರನ್ನ ನೋಡ್ತಾ ನೋಡ್ತಾ ಮಗಳನ್ನೇ ಮರೆತುಬಿಟ್ಟೆನಲ್ಲಮ್ಮ."

"ನನಗೂ ಆಸೆ ಇತ್ತಪ್ಪ," ಎಂದಳು ಅವಳು. "ಇವರು ಇಷ್ಟು ಆಸೆಪಟ್ಟಿದ್ರಲ್ಲ, ಅದಕ್ಕೇ ಸುಮ್ನಿದ್ದೆ."

ನನಗೆ ನಾಚಿಕೆಯಾಯಿತು. ಹೊಟ್ಟೆಯೂ ಉರಿಯಿತು, ಅದು ಬೋಟು ಒತ್ತಿದ್ದಕ್ಕೂ ಇರಬಹುದು. ತಲೆ ತಗ್ಗಿಸಿ ಷರ್ಟು ಹಿಂಡುತ್ತ ನಿಂತಿದ್ದಾಗ ಮಾವನವರು ನನ್ನ ಹತ್ತಿರ ಬಂದರು. ನನ್ನನ್ನು, ಮುಖ್ಯವಾಗಿ ನನ್ನ ಹೊಟ್ಟೆಯನ್ನು, ಬಹಳ ಹೊತ್ತು ನೋಡಿದರು. ಅವರ ಕಣ್ಣಿನಲ್ಲಿ ಇದ್ದದ್ದು ನಿಜವಾದ ಮೆಚ್ಚುಗೆ.

"ಅಳಿಯಂದ್ರೇ, ಇಷ್ಟು ವರ್ಷ ನೀರಿನ ಮೇಲಿದ್ದೆ, ಇಷ್ಟು ಒಳ್ಳೆ ಫೆಂಡರ್ ನಾ ನೋಡಿರ್ಲಿಲ್ಲ. ಮುಂದಿನ ಸಲ ಒಂದು ಹೆಜ್ಜೆ ಮುಂದೆ ನಿಲ್ಲಿ. ಬೋಟು ಅಗಲ ಆಗೋದು ಅಲ್ಲೇ."

"ಪ್ರತಿ ಭಾನುವಾರ ಇವರಿಗೆ ರಜಾನೇ ಅಪ್ಪ," ಎಂದಳು ನನ್ನ ಹೆಂಡತಿ.